ನರ್ಸಿಂಗ್ ಓದು: ವಾರ್ಡ್ ಮೊದಲೋ, ಪಾಠ ಮೊದಲೋ?

ಊರಿನಲ್ಲಿ ಮಗಳನ್ನೋ ತಂಗಿಯನ್ನೋ ಬಿ.ಎಸ್ಸಿ ನರ್ಸಿಂಗ್‌ಗೆ ಸೇರಿಸಿ, ಇಲ್ಲಿಂದ ತಿಂಗಳು ತಿಂಗಳು ದುಡ್ಡು ಕಳಿಸುವ ಅನಿವಾಸಿ ಕನ್ನಡಿಗರು ಬಹಳ ಮಂದಿ. ಫೀಸ್ ಎಷ್ಟು, ಹಾಸ್ಟೆಲ್ ಹೇಗಿದೆ ಅಂತ ಎಲ್ಲರೂ ವಿಚಾರಿಸ್ತಾರೆ. ಯಾವ ಪಾಠ ಯಾವಾಗ ಬರುತ್ತೆ ಅಂತ ಕೇಳುವವರು ಅಪರೂಪ. ಓದುವ ಮಕ್ಕಳ ತಕರಾರು ಇರುವುದು ಅಲ್ಲಿಯೇ.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪರಿಷ್ಕೃತ ನಿಯಮಗಳು 2021ರಲ್ಲಿ ಹೊರಬಿದ್ದವು. ವರ್ಷಕ್ಕೊಂದು ಪರೀಕ್ಷೆಯ ಹಳೇ ಪದ್ಧತಿ ಹೋಗಿ 8 ಸೆಮಿಸ್ಟರ್ ಬಂತು. ಮೊದಲು ಅನಾಟಮಿ, ಫಿಸಿಯಾಲಜಿ. ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ನಲ್ಲಿ ಔಷಧ ಶಾಸ್ತ್ರ, ರೋಗ ಶಾಸ್ತ್ರದ ಜೊತೆಗೇ ವಯಸ್ಕರ ಆರೈಕೆ. ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಹೆರಿಗೆ ಆಮೇಲೆ. ಕಾಗದದ ಮೇಲೆ ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ.

ಒಂದು ಕಡೆ ಮಾತ್ರ ಅನುಮಾನ ಬರುತ್ತೆ. ಹಿಂದೆ ಮೊದಲ ವರ್ಷದಲ್ಲೇ ಇದ್ದ ಮೈಕ್ರೋಬಯಾಲಜಿ ಈಗ ಮೂರನೇ ಸೆಮಿಸ್ಟರ್‌ಗೆ ಹೋಗಿದೆ. ವಾರ್ಡ್ ಕೆಲಸ ಮೊದಲ ವರ್ಷವೇ ಶುರು. ಸೋಂಕು ತಡೆಯುವ ಪ್ರಾಥಮಿಕ ಪಾಠವನ್ನು ನರ್ಸಿಂಗ್ ಫೌಂಡೇಶನ್‌ನಲ್ಲಿ ಹೇಳಿಕೊಡ್ತಾರೆ, ನಿಜ. ಆದರೆ ಕೈ ತೊಳೆಯುವ ಕ್ರಮ ಬಾಯಿಪಾಠ ಆದಮೇಲೆ ಅದರ ಕಾರಣ ತಿಳಿಯೋದಕ್ಕೆ ಮುಂದಿನ ವರ್ಷದ ತನಕ ಕಾಯಬೇಕು.

ಇದಕ್ಕಿಂತ ದೊಡ್ಡ ತೊಡಕು ಪೋಸ್ಟಿಂಗ್‌ನದು. ಇಡೀ ತರಗತಿಯನ್ನು ಒಂದೇ ವಾರ್ಡ್‌ಗೆ ಕಳಿಸಲಾಗದು, ಬ್ಯಾಚ್ ಮಾಡಲೇಬೇಕು. ಒಂದು ಬ್ಯಾಚ್‌ಗೆ ಹೃದ್ರೋಗದ ಪಾಠ ಮುಗಿದು ಆ ವಾರ್ಡ್ ಸಿಗುತ್ತೆ. ಇನ್ನೊಂದಕ್ಕೆ ವಾರ್ಡ್ ಮುಗಿದು ವಾರಗಳಾದ ಮೇಲೆ ಪಾಠ. ಜರ್ನಲ್ ಎಂಟ್ರಿ ಕಲಿಯದವನ ಕೈಗೆ ಬ್ಯಾಲೆನ್ಸ್ ಶೀಟ್ ಕೊಟ್ಟ ಹಾಗೆ. ಅಂಥವರಿಗೆ ವಾರ್ಡ್‌ನಲ್ಲಿ ಸಿಗೋದು ಬಿಪಿ ನೋಡುವ, ಹಾಸಿಗೆ ಸರಿಮಾಡುವ ಕೆಲಸ ಅಷ್ಟೇ. ಕೆಲವು ವಿದ್ಯಾರ್ಥಿಗಳು ಮಾತ್ರ ಇದನ್ನು ಒಪ್ಪಲ್ಲ. ರೋಗಿಯನ್ನು ಮೊದಲು ಕಂಡರೆ ಪಾಠ ತಲೆಗೆ ಬೇಗ ಹತ್ತುತ್ತೆ ಅಂತಾರೆ. ಜೊತೆಗೆ ನಿಂತು ಹೇಳಿಕೊಡುವ ಟ್ಯೂಟರ್ ಇದ್ದರೆ ಆ ಮಾತು ಸರಿ. ಟ್ಯೂಟರ್ ಇಲ್ಲದ ಕಡೆ ಅದು ಬರೀ ಸಮಾಧಾನ.

ಆದ್ದರಿಂದ ಸಿಲೆಬಸ್ ಒಂದನ್ನೇ ದೂರಿ ಪ್ರಯೋಜನವಿಲ್ಲ. ಅದೇ ಸಿಲೆಬಸ್ ಇಟ್ಟುಕೊಂಡು ಸ್ವಂತ ಆಸ್ಪತ್ರೆ ಇರುವ ಕಾಲೇಜು ಪಾಠ-ವಾರ್ಡ್ ಹೊಂದಿಸಬಲ್ಲದು. ಬೇರೆ ಆಸ್ಪತ್ರೆ ಕೊಟ್ಟ ದಿನಗಳಿಗೆ ಕಾಯುವ ಕಾಲೇಜಿಗೆ ಅದು ಕಷ್ಟ. ಅಡ್ಮಿಶನ್‌ಗೆ ಮೊದಲು ‘ಮಾಸ್ಟರ್ ರೊಟೇಶನ್ ಪ್ಲಾನ್’ ತೋರಿಸಿ ಅಂತ ಕೇಳಬಹುದು. ಯಾವ ವಾರ ಯಾವ ಬ್ಯಾಚ್ ಎಲ್ಲಿರುತ್ತೆ ಅನ್ನೋದು ಅದರಲ್ಲಿರುತ್ತೆ.

ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್: 22 ವಾರ, ವಾರಕ್ಕೆ 48 ಗಂಟೆ. ಬಿಟ್ಟುಹೋದದ್ದನ್ನು ತುಂಬಿಕೊಳ್ಳಲು ಕಡೆಯ ಅವಕಾಶ ಅದು. ಅದನ್ನೇ ಗಲ್ಫ್ ಲೈಸೆನ್ಸ್‌ಗೆ ಅನುಭವ ಅಂತ ಎಣಿಸಿಕೊಂಡ ಮನೆಗಳೂ ಇವೆ. ಆದರೆ ಅಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ನರ್ಸಿಂಗ್ ಕೌನ್ಸಿಲ್ ನೋಂದಣಿ ಆದಮೇಲಿನ ಕೆಲಸ. ಮನೆಯ ಬಜೆಟ್‌ನಲ್ಲಿ ಆ ಅವಧಿಯನ್ನೂ ಈಗಲೇ ಸೇರಿಸಿಕೊಳ್ಳುವುದು ಒಳ್ಳೆಯದು.