ಗಡಿಯಾರ ಕೆಟ್ಟರೆ ಕಂಪ್ಯೂಟರನ್ನೇ ಗುಜರಿಗೆ ಹಾಕೋದಾ?

ಜೂನ್ ತಿಂಗಳು ಬಂತು ಅಂದ್ರೆ ನಮ್ಮ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ತಮಾಷೆ ಶುರುವಾಗುತ್ತದೆ. ಎರಡು ತಿಂಗಳ ರಜೆ ಮುಗಿಸಿ ಬೀಗ ತೆಗೆದು ಸ್ವಿಚ್ ಹಾಕುತ್ತೇವೆ. ಒಂದು ಕಂಪ್ಯೂಟರು 2009ನೇ ಇಸವಿಯಲ್ಲಿ ಕೂತಿರುತ್ತದೆ. ಪಕ್ಕದ್ದು 2002ರಲ್ಲಿ. ಮೂಲೆಯದ್ದು ಕಪ್ಪು ಪರದೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಗೊಣಗಿ ‘ಎಫ್‌1 ಒತ್ತಿ’ ಅಂತ ಕಾಯುತ್ತಿರುತ್ತದೆ. ನಾವೇನು ಮಾಡುತ್ತೇವೆ? ಎಫ್‌1 ಒತ್ತುತ್ತೇವೆ. ನಾಳೆಯೂ ಒತ್ತುತ್ತೇವೆ. ಮಾರ್ಚ್‌ವರೆಗೂ ಒತ್ತುತ್ತೇವೆ!

ಗಡಿನಾಡಿನ ಒಂದು ಶಾಲೆ, ಹೆಸರು ಬೇಡ. ಅಲ್ಲಿ ನಾಲ್ಕು ಕಂಪ್ಯೂಟರುಗಳನ್ನು ‘ಬೋರ್ಡು ಹೋಗಿದೆ, ಹಳೇ ಮಾಲು’ ಅಂತ ರಿಪೇರಿಯವರು ಬರೆದುಕೊಟ್ಟು ಹೋದರು. ನಾವು ತಲೆಯಾಡಿಸಿದೆವು. ಇ-ತ್ಯಾಜ್ಯದ ಪಟ್ಟಿಗೆ ಸೇರಿಸಲು ಪೆನ್ನು ಕೈಗೆ ತೆಗೆದುಕೊಂಡದ್ದೂ ಆಯ್ತು. ಅಷ್ಟರಲ್ಲಿ ವಿಜ್ಞಾನ ಲ್ಯಾಬಿನ ಮಲ್ಟಿಮೀಟರ್ ತಂದು ಒಂದರ ಹೊಟ್ಟೆ ಬಿಚ್ಚಿ ನೋಡಿದರೆ, ಮದರ್‌ಬೋರ್ಡಿನ ಮೇಲಿದ್ದ ನಾಣ್ಯದಂಥ ಸೆಲ್ಲು ಒಂದೂಕಾಲು ವೋಲ್ಟ್ ತೋರಿಸಿತು. ಇರಬೇಕಾದದ್ದು ಮೂರು. ವಾಚ್ ರಿಪೇರಿ ಅಂಗಡಿಯಿಂದ ಹೊಸ ಸೆಲ್ಲು ತಂದು ಹಾಕಿದೆವು. ನಾಲ್ಕರಲ್ಲಿ ಮೂರು ಎದ್ದು ಕೂತವು. ನಾಲ್ಕನೆಯದಕ್ಕೆ ನಿಜಕ್ಕೂ ಬೋರ್ಡು ಹೋಗಿತ್ತು, ಅದನ್ನು ಒಪ್ಪೋಣ.

ಒಂದು ಊಟದ ದುಡ್ಡೂ ಆಗದ ಸೆಲ್ಲಿಗಾಗಿ ಮೂರು ಕಂಪ್ಯೂಟರು ಗುಜರಿಗೆ ಹೊರಟಿದ್ದವು. ಇಲ್ಲಿ ಸಿಟ್ಟು ಬರಬೇಕಾದದ್ದು ರಿಪೇರಿಯವರ ಮೇಲಲ್ಲ, ನಮ್ಮ ಮೇಲೆ. ಅವರು ಹೇಳಿದರು, ನಾವು ನಂಬಿದೆವು. ಮೂರು ತಿಂಗಳು ಮೂರು ಮೂರು ಮಕ್ಕಳು ಒಂದೇ ಮೌಸಿಗೆ ಕಿತ್ತಾಡಿದರು.

ವಿಷಯ ಏನೂ ಕಷ್ಟದ್ದಲ್ಲ. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಒಳಗೊಂದು ಪುಟ್ಟ ಗಡಿಯಾರ ನಡೆಯುತ್ತಿರುತ್ತದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು ಅದರ ಜೀವ, ನಮ್ಮ ಕ್ವಾರ್ಟ್ಸ್ ಕೈಗಡಿಯಾರದಲ್ಲಿ ಇರುವಂಥದ್ದೇ. ಪ್ಲಗ್ಗು ಸಿಕ್ಕಿಸಿದ್ದರೆ ಅದಕ್ಕೆ ಸಾಮಾನ್ಯವಾಗಿ ಕರೆಂಟೇ ಸಿಗುತ್ತದೆ, ಕಿತ್ತರೆ ಆ ಸೆಲ್ಲಿನಿಂದ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದರ ಹೆಸರು ಸಿಆರ್ 2032: ಅಗಲ 20 ಮಿಲಿಮೀಟರ್, ದಪ್ಪ 3.2. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಸಿಡಿಲಿನ ಕಾಟ ಗೊತ್ತಲ್ಲ, ಹಾಗಾಗಿ ಲ್ಯಾಬಿನ ಮೈನ್ ಸ್ವಿಚ್ ಆಫ್ ಮಾಡಿ ಪ್ಲಗ್ಗು ಕಿತ್ತೇ ರಜೆಗೆ ಹೋಗುತ್ತೇವೆ. ಅದು ಸರಿಯಾದ ಕೆಲಸವೇ. ಆದರೆ ಮುದಿ ಸೆಲ್ಲಿಗೆ ಆ ಎರಡು ತಿಂಗಳು ಉಪವಾಸ. ಹೀಗಾಗಿ ಜೂನ್ ಒಂದಕ್ಕೆ ಮಕ್ಕಳು 2009ಕ್ಕೆ ವಾಪಸ್.

‘ಟೈಮ್ ತಪ್ಪಿದ್ರೆ ಏನೀಗ, ಗೋಡೆ ಗಡಿಯಾರ ಇದೆಯಲ್ಲ ಮಾರಾಯ್ರೆ’ ಅನ್ನುವವರು ನಮ್ಮಲ್ಲೇ ಇದ್ದಾರೆ. ಪೊನ್ಕುಳಿಯಲ್ಲಿ ಕೂತು ಬರೆಯುವ ನಮಗೆ ಈ ಮಾತು ಕೇಳಿದರೆ ಬಂಡೀಪುರದ ಗೇಟು ನೆನಪಾಗುತ್ತದೆ. 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧದ ಪ್ರಕಾರ ರಾತ್ರಿ ಒಂಬತ್ತಕ್ಕೆ ಮುಚ್ಚಿದ ಗೇಟು ಬೆಳಿಗ್ಗೆ ಆರಕ್ಕೇ ತೆರೆಯುವುದು. ‘ನನ್ನ ವಾಚಿನಲ್ಲಿ ಇನ್ನೂ ಎಂಟೂ ಮುಕ್ಕಾಲು’ ಅಂದ್ರೆ ಯಾರು ಕೇಳ್ತಾರೆ? ಇಂಟರ್ನೆಟ್ಟಿನಲ್ಲೂ ಹಾಗೇ ಗೇಟುಗಳಿವೆ. ಬೀಗದ ಚಿಹ್ನೆಯ ಪ್ರತಿ ತಾಣಕ್ಕೂ ಒಂದು ಪ್ರಮಾಣಪತ್ರ, ಅದಕ್ಕೆ ಇಂದಿನಿಂದ ಇಂದಿನವರೆಗೆ ಅಂತ ಅವಧಿ. ಕಂಪ್ಯೂಟರು 2009ರಲ್ಲಿದ್ದರೆ ಅದರ ಲೆಕ್ಕಕ್ಕೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ! ಬ್ರೌಸರ್ ‘ಅಪಾಯ’ ಅಂತ ಕೆಂಪು ಪುಟ ತೋರಿಸುತ್ತದೆ. ಆಗ ನಾವು ಮಕ್ಕಳಿಗೆ ಏನು ಕಲಿಸುತ್ತೇವೆ? ‘ಅಡ್ವಾನ್ಸ್ಡ್ ಒತ್ತು, ಪ್ರೊಸೀಡ್ ಒತ್ತು, ಪರ್ವಾಗಿಲ್ಲ.’ ನಾಳೆ ಅದೇ ಮಗು ಅಪ್ಪನ ಬ್ಯಾಂಕ್ ಖಾತೆಯ ಪುಟದಲ್ಲಿ ಅಂಥದ್ದೇ ಎಚ್ಚರಿಕೆ ಕಂಡರೂ ಪ್ರೊಸೀಡ್ ಒತ್ತುತ್ತದೆ. ಕಲಿಸಿದವರು ನಾವೇ.

ಇಷ್ಟೇ ಅಲ್ಲ. ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಗೆ ಮಕ್ಕಳು ವರ್ಷವಿಡೀ ಮಾಡಿದ ಕೆಲಸವನ್ನು ದಿನಾಂಕದ ಪ್ರಕಾರ ಜೋಡಿಸಿದರೆ ನಿನ್ನೆಯದ್ದು ತಳದಲ್ಲಿ, ಹಳೆಯದ್ದು ಮೇಲೆ. ಹಳೆಯ ಲಿನಕ್ಸ್ ಮೆಷಿನ್ನುಗಳಲ್ಲಂತೂ ‘ಈ ಡಿಸ್ಕನ್ನು ಕೊನೆಯ ಸಲ ತೆರೆದದ್ದು ಭವಿಷ್ಯದಲ್ಲಿ’ ಎಂಬರ್ಥದ ಒಂದು ಸಾಲು ತೋರಿಸಿ ಬೂಟ್ ಆಗದೆ ನಿಂತುಬಿಡುವುದಿತ್ತು. ಇಂಗ್ಲಿಷ್ ಓದಿ ಅರ್ಥ ಮಾಡಿಕೊಂಡವರು ನಕ್ಕರು. ಅರ್ಥವಾಗದವರು ಹಾರ್ಡ್ ಡಿಸ್ಕ್ ಹೋಯ್ತು ಅಂತ ಬರೆದುಕೊಂಡರು.

ಸೆಲ್ಲು ಬದಲಿಸುವುದು ಐದು ನಿಮಿಷದ ಕೆಲಸ. ಬಿಚ್ಚುವ ಮೊದಲು ಬಯೋಸ್ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಡಿ, ಯಾಕೆಂದರೆ ಸೆಲ್ಲು ತೆಗೆದಾಗ ಆ ಸೆಟ್ಟಿಂಗುಗಳು ಅಳಿಸಿಹೋಗಬಹುದು. ಪ್ಲಗ್ಗು ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು, ಕೇಸಿನ ತಗಡು ಮುಟ್ಟಿ, ಆಮೇಲೆ ಕೈ ಹಾಕಿ. ಬದಿಯ ಕೊಕ್ಕೆ ಸರಿಸಿದರೆ ಸೆಲ್ಲು ತಾನೇ ಏಳುತ್ತದೆ. ಹಳೆಯದು ಹೇಗೆ ಕೂತಿತ್ತೋ ಹೊಸದೂ ಹಾಗೇ, ಸಾಧಾರಣವಾಗಿ ಪ್ಲಸ್ ಗುರುತು ನಮ್ಮ ಕಡೆಗೆ. ಹಳೇ ಸೆಲ್ಲು ಸಣ್ಣ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಪ್ರಾಣಾಪಾಯ. ಆಮೇಲೆ ಬಯೋಸ್‌ನಲ್ಲಿ ದಿನ, ಗಂಟೆ ಸರಿ ಮಾಡಿ ಉಳಿಸಿ.

ಇನ್ನು ಐದೂವರೆ ಗಂಟೆಯ ಕಥೆ. ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಸೆಲ್ಲಿನ ತಪ್ಪಲ್ಲ, ಸೆಲ್ಲಿಗೆ ದುಡ್ಡು ಸುರಿಯಬೇಡಿ. ನಮ್ಮ ಸಮಯ ವಿಶ್ವಸಮಯಕ್ಕಿಂತ ಅಷ್ಟೇ ಮುಂದೆ. ಲ್ಯಾಬಿನ ಮೆಷಿನ್ನಿನಲ್ಲಿ ಲಿನಕ್ಸ್ ಜೊತೆ ಆಫೀಸು ಕೆಲಸಕ್ಕೆಂದು ವಿಂಡೋಸ್ ಕೂಡಾ ಇಟ್ಟುಕೊಂಡಿರುತ್ತೇವಲ್ಲ, ಜಗಳ ಅವೆರಡರದ್ದು. ವಿಂಡೋಸ್ ಒಳಗಿನ ಗಡಿಯಾರದಲ್ಲಿ ಭಾರತದ ಸಮಯ ಬರೆಯುತ್ತದೆ, ಲಿನಕ್ಸ್ ಅದನ್ನು ವಿಶ್ವಸಮಯ ಅಂತ ಓದುತ್ತದೆ. ಬೆಳಿಗ್ಗೆ ಹತ್ತು ಗಂಟೆ ಮಧ್ಯಾಹ್ನ ಮೂರೂವರೆ ಆಗುತ್ತದೆ. ಲಿನಕ್ಸ್ ನೆಟ್ ನೋಡಿ ಸರಿ ಮಾಡಿ ಬರೆದರೆ ವಿಂಡೋಸಿನಲ್ಲಿ ಬೆಳಗಿನ ನಾಲ್ಕೂವರೆ! ಇಬ್ಬರಲ್ಲಿ ಒಬ್ಬರು ಸೋಲಬೇಕು. ವಿಂಡೋಸಿನ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ಸೆಟ್ಟಿಂಗ್ ಸೇರಿಸಿ ಅದನ್ನೇ ವಿಶ್ವಸಮಯಕ್ಕೆ ತರುವುದು ಒಳ್ಳೆಯದು. ಕಾಲವಲಯ ಏಷ್ಯಾ/ಕೋಲ್ಕತಾ ಅಂತ ಇದೆಯೇ ಎಂದೂ ನೋಡಿ. ವಲಯ ತಪ್ಪಿಟ್ಟು ಮುಳ್ಳನ್ನು ಕೈಯಲ್ಲಿ ತಿರುಗಿಸುವುದು ನಮ್ಮ ಹಳೇ ಚಾಳಿ.

ಆಮೇಲೆ ಉಳಿದದ್ದನ್ನು ನೆಟ್ ನೋಡಿಕೊಳ್ಳುತ್ತದೆ. ಡೇವಿಡ್ ಮಿಲ್ಸ್ ಎಂಬವರು ರೂಪಿಸಿ 1985ರಲ್ಲಿ ಪ್ರಕಟಿಸಿದ ಎನ್‌ಟಿಪಿ ಎಂಬ ಪದ್ಧತಿ ಇಂದಿಗೂ ಆ ಕೆಲಸ ಮಾಡುತ್ತಿದೆ. ನಮ್ಮ ದೇಶದ ಅಧಿಕೃತ ಸಮಯವನ್ನು ಕಾಪಾಡುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರಗಳು, ಅವರದ್ದೇ ಟೈಮ್ ಸರ್ವರ್ ಕೂಡಾ ಇದೆ. ಉಬುಂಟು ಆಧಾರಿತ ಶಾಲಾ ಲಿನಕ್ಸಿನಲ್ಲಿ ಟರ್ಮಿನಲ್ ತೆರೆದು ‘ಟೈಮ್‌ಡೇಟ್‌ಸಿಟಿಎಲ್’ ಅಂತ ಹೊಡೆದರೆ ಹೊಂದಾಣಿಕೆ ಆಗಿದೆಯೋ ಇಲ್ಲವೋ ಕಾಣುತ್ತದೆ. ಒಂದು ಮಾತು: ವಿಂಡೋಸಿನ ಮಾಮೂಲಿ ಸೆಟ್ಟಿಂಗಿನಲ್ಲಿ ಸಮಯ ಹದಿನೈದು ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಅದು ತಾನಾಗಿ ತಿದ್ದಿಕೊಳ್ಳುವುದಿಲ್ಲ. ‘ನೆಟ್ ಇದೆ, ಆದ್ರೂ ಸರಿಯಾಗ್ತಿಲ್ಲ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ. ದಿನಾಂಕ ಒಮ್ಮೆ ಕೈಯಲ್ಲಿ ಹಾಕಿ, ಆಮೇಲೆ ಅದಕ್ಕೆ ಬಿಡಿ.

ನವೆಂಬರ್ ಒಂದಕ್ಕೆ ನಾವು ಭಾಷಣ ಮಾಡುತ್ತೇವೆ. 1956ರಲ್ಲಿ ಗಡಿಯ ಈಚೆ ಉಳಿದುಹೋದೆವು, ಭಾಷೆ ಉಳಿಸಬೇಕು, ಅನ್ಯಾಯ ಆಗಿದೆ ಅಂತ. ಅನ್ಯಾಯ ಆಗಿದ್ದು ಹೌದು. ಆದರೆ ಹನ್ನೆರಡು ಶಬ್ದಗಳ ಒಂದು ಎಚ್ಚರಿಕೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ನಮ್ಮನ್ನು ತಡೆದವರು ಯಾರು? ಸೆಲ್ಲು ಬದಲಿಸುವ ಕ್ರಮವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಬಾರದು ಅಂತ ಯಾವ ಸುತ್ತೋಲೆ ಬಂದಿದೆ? ಮಲಯಾಳ ಮಾಧ್ಯಮದವರಿಗೆ ಹೊಸ ಮೆಷಿನ್, ನಮಗೆ ಹಳೇದು ಅಂತ ಸ್ಟಾಫ್ ರೂಮಿನಲ್ಲಿ ಗೊಣಗುವ ನಾವೇ, ಇರುವ ಹಳೇದನ್ನು ನಮ್ಮ ಕೈಯಾರೆ ಗುಜರಿ ಪಟ್ಟಿಗೆ ಬರೆಯುತ್ತಿದ್ದೇವೆ. ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಮಕ್ಕಳಿದ್ದಾರೆ. ಅವರ ಕೈಗೆ ಸ್ಕ್ರೂಡ್ರೈವರ್ ಕೊಡಲು ನಮಗೇ ಹೆದರಿಕೆ.

ವಾರಂಟಿ ಇರುವ ಮೆಷಿನ್ ಮುಟ್ಟಬೇಡಿ, ಅದಕ್ಕೆ ದೂರು ಕೊಡಿ. ವಾರಂಟಿ ಮುಗಿದದ್ದರಲ್ಲಿ, ಈ ಶನಿವಾರ ಒಂದೊಂದನ್ನೇ ಪ್ಲಗ್ಗು ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ನೆಟ್ ತಂತಿ ಸಿಕ್ಕಿಸಬೇಡಿ, ಅದು ತಪ್ಪನ್ನು ಮುಚ್ಚಿಹಾಕುತ್ತದೆ. ನೇರ ಬಯೋಸ್‌ಗೆ ಹೋಗಿ ಗಂಟೆ ನೋಡಿ. ಎಷ್ಟು ತಪ್ಪಿವೆ ಅಂತ ಎಣಿಸಿಕೊಂಡು ಅಷ್ಟು ಸೆಲ್ಲು ತನ್ನಿ. ನಮ್ಮಲ್ಲಿ ಏಳು ಬೇಕಾಯಿತು.