ಸಮದೃಷ್ಟಿಯ ಪಾಠ

ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ‘ಮುಂದೆ ನಾನೇನಾಗುವೆ?’ ಎಂಬ ಪ್ರಬಂಧ ಬರೆಸಿದೆ. ಕ್ಯಾಮೆರಾ ಹಿಡಿದು ಚಿತ್ರ ತೆಗೆಯುವವಳಾಗುವೆನೆಂದು ಕೂಲಿಕಾರರ ಮನೆಯ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು. ಅದನ್ನು ಓದಿ ಹೇಳಿದಾಗ ತರಗತಿಯೇ ನಕ್ಕಿತು. “ಅದು ಗಂಡಸರ ಕೆಲಸ ಸರ್” ಎಂದನೊಬ್ಬ. ಪಾಲಕರ ಸಭೆಯಲ್ಲಿ ಅವಳ ತಂದೆ “ಹತ್ತನೆಯದಾದರೆ ಸಾಕು ಬಿಡ್ರಿ ಸರ್” ಎಂದರು.

ಈ ನಗುವಿಗೂ ಆ ಮಾತಿಗೂ ಉತ್ತರ ದೂರದಲ್ಲಿಲ್ಲ. ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯಿದೆ. ಅದು 1983ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಹುಟ್ಟಿ 2023ರಲ್ಲಿ ನಿಧನರಾದ ಪಿ. ವಿ. ಸತೀಶ್ ಅವರು ಅದರ ಸ್ಥಾಪಕರಲ್ಲೊಬ್ಬರು. ಸುತ್ತಲ ಹಳ್ಳಿಗಳ ಬಡ ದಲಿತ ಮಹಿಳೆಯರು ಅದರ ಸಂಘಗಳಲ್ಲಿ ಕೂಡಿದರು. ಅವರಲ್ಲಿ ಅನೇಕರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಕೆಲವರು ಕ್ಯಾಮೆರಾ ಕಲಿತು, ತಮ್ಮ ಹೊಲ ಮತ್ತು ಬೀಜಗಳನ್ನು ಕುರಿತು ಚಲನಚಿತ್ರ ತೆಗೆದರು. ಇನ್ನು ಕೆಲವರು ರೇಡಿಯೋ ಕೆಲಸ ಕಲಿತರು. ಪ್ರಸಾರಕ್ಕೆ ಅನುಮತಿ ದೊರೆಯುವವರೆಗೆ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಇಂಥ ಸಂಸ್ಥೆಗಳಿಗೆ ರೇಡಿಯೋ ನಡೆಸಲು ಸರಕಾರ 2006ರಲ್ಲಿ ದಾರಿ ತೆರೆಯಿತು. 2008ರ ಅಕ್ಟೋಬರ್ 15ರಂದು ಮಾಚನೂರಿನಿಂದ ‘ಸಂಘಂ ರೇಡಿಯೋ’ ಪ್ರಸಾರ ಆರಂಭಿಸಿತು.

ಆ ತಾಯಂದಿರು ಕ್ಯಾಮೆರಾದ ಕೋನಗಳಿಗೆ ತಮ್ಮದೇ ಹೆಸರಿಟ್ಟಿದ್ದಾರೆ. ಮೇಲಿನಿಂದ ಕೆಳಗೆ ನೋಡಿದರೆ ಅದು ಪಟೇಲನ ನೋಟ. ಕೆಳಗಿನಿಂದ ತಲೆಯೆತ್ತಿ ನೋಡಿದರೆ ಜೀತದಾಳಿನ ನೋಟ. ಎದುರೆದುರು ಕುಳಿತು ಕಣ್ಣಿಗೆ ಕಣ್ಣು ಕೂಡಿಸಿದರೆ ಅದು ಸಂಘದ ನೋಟ. ಸಮಾನತೆಯನ್ನು ಇಷ್ಟು ಸರಳವಾಗಿ ಹೇಳಿದ ಪಾಠವನ್ನು ನಾನು ಬೇರೆಲ್ಲೂ ಓದಿಲ್ಲ.

ಧರ್ಮ, ಮೂಲವಂಶ, ಜಾತಿ, ಲಿಂಗಗಳ ಕಾರಣದಿಂದ ಸರಕಾರಿ ಉದ್ಯೋಗದಲ್ಲಿ ಭೇದವೆಣಿಸಬಾರದೆಂದು ನಮ್ಮ ಸಂವಿಧಾನದ 16ನೆಯ ವಿಧಿ ಸಾರುತ್ತದೆ. ಹೆಣ್ಣಿಗೂ ಗಂಡಿಗೂ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾನೂನು 1976ರಲ್ಲಿಯೇ ಬಂದಿತು. ಆದರೆ ಕಾನೂನು ಬಾಗಿಲನ್ನಷ್ಟೇ ತೆರೆಯಬಲ್ಲದು. ಒಳಗೆ ಬಂದವರನ್ನು ನಾವು ಯಾವ ನೋಟದಿಂದ ಕಾಣುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಕೆಲಸ ಕೊಟ್ಟು, ಕುಳಿತುಕೊಳ್ಳಲು ಕುರ್ಚಿ ಕೊಡದಿದ್ದರೆ, ಸಭೆಯಲ್ಲಿ ಮಾತಾಡಲು ಬಿಡದಿದ್ದರೆ, ಅದು ಪಟೇಲನ ನೋಟವೇ ಸರಿ.

ಈ ನೋಟ ಕಲಿಯುವುದು ಕಚೇರಿಯಲ್ಲಲ್ಲ, ಮನೆಯಲ್ಲಿ ಮತ್ತು ಶಾಲೆಯಲ್ಲಿ. ತರಗತಿಯ ಕಸ ಗುಡಿಸುವ ಸರದಿ ಹುಡುಗಿಯರದ್ದು, ಗಂಟೆ ಬಾರಿಸುವ ಸರದಿ ಹುಡುಗರದ್ದು ಎಂದು ನಾವೇ ಹಂಚಿಕೊಟ್ಟಿದ್ದೆವು. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಈಗ ಎರಡೂ ಸರದಿ ಎಲ್ಲರದು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಮಗಳ ಓದನ್ನು ಹತ್ತನೆಯದಕ್ಕೆ ನಿಲ್ಲಿಸಬೇಡಿ. ವಿದ್ಯಾರ್ಥಿಗಳೇ, ಗೆಳತಿಯ ಕನಸನ್ನು ಕೇಳಿ ನಗುವ ಮೊದಲು ಮಾಚನೂರಿನ ಆ ತಾಯಂದಿರನ್ನು ನೆನೆಯಿರಿ. ಅವರಿಗೆ ಆ ವಿದ್ಯೆ ಹುಟ್ಟಿನಿಂದ ಬಂದುದಲ್ಲ. ಅವಕಾಶ ಸಿಕ್ಕಿತು, ಕಲಿತರು.