ಸೈನ್ 30 ಎಷ್ಟು?

ನಮ್ಮ ಅಕ್ಕನ ಮಗ ಐಟಿಐ ಮುಗಿಸಿ ಪುಣೆಗೆ ಬಂದು ಎಂಟು ತಿಂಗಳಾಯಿತು. ವಿಜಯಪುರದ ಕಡೆಯ ಹುಡುಗರಿಗೆ ಭೋಸರಿ, ಚಿಂಚವಡದ ಕಾರ್ಖಾನೆಗಳು ಹೊಸವಲ್ಲ. ನಾನೂ 22 ವರ್ಷಗಳ ಹಿಂದೆ ಒಂದು ಚೀಲ, ಒಂದು ಡಿಪ್ಲೊಮಾ ಸರ್ಟಿಫಿಕೇಟು ಹಿಡಿದು ಇದೇ ದಾರಿಯಲ್ಲಿ ಬಂದವನು. ಅವನಿಗೆ ಸಣ್ಣದೊಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಸಿಕ್ಕಿತು. ಮೊದಮೊದಲು ಗುಡಿಸುವುದು, ಎಣ್ಣೆ ಹಾಕುವುದು, ಸಾದಾ ಟರ್ನಿಂಗ್. ಹೋದ ತಿಂಗಳು ಶೇಠ್ ಮೊದಲ ಸಲ ಡ್ರಾಯಿಂಗ್ ಕೈಗೆ ಕೊಟ್ಟು ಟೇಪರ್ ಕೆಲಸ ಹೇಳಿದರು.

ಟೇಪರ್ ಎಂದರೆ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಇವನ ಡ್ರಾಯಿಂಗಿನಲ್ಲಿ ದಪ್ಪ ತುದಿ 36 ಮಿ.ಮೀ., ಸಣ್ಣ ತುದಿ 30, ಉದ್ದ 60. ಎರಡು ವ್ಯಾಸಗಳ ವ್ಯತ್ಯಾಸವನ್ನು ಉದ್ದದ ಎರಡರಷ್ಟರಿಂದ ಭಾಗಿಸಬೇಕು. ಆರನ್ನು 120ರಿಂದ ಭಾಗಿಸಿದರೆ 0.05. ಅದರ ಟ್ಯಾನ್ ಇನ್‌ವರ್ಸ್ ಎಷ್ಟು ಬರುತ್ತದೋ ಅಷ್ಟು ಡಿಗ್ರಿಗೆ ಲೇತಿನ ಕಂಪೌಂಡ್ ಸ್ಲೈಡ್ ತಿರುಗಿಸಿಟ್ಟುಕೊಂಡು ಕೊರೆಯಬೇಕು. ಐಟಿಐಯಲ್ಲಿ ಕಲಿತದ್ದೇ.

ಆದರೆ ಅವನ ಫೋನಿನ ಕ್ಯಾಲ್ಕ್ಯುಲೇಟರ್ ಕೂಡಿಸು, ಕಳೆ, ಶೇಕಡಾ ಬಿಟ್ಟರೆ ಬೇರೇನೂ ಅರಿಯದು. ಆ್ಯಪ್ ಹಾಕಿಕೊಳ್ಳೋಣವೆಂದರೆ ಸ್ಟೋರೇಜ್ ಭರ್ತಿ. ರಾತ್ರಿ ನನಗೆ ಫೋನ್ ಮಾಡಿದ. ಆಫೀಸಿನ ಕಂಪ್ಯೂಟರಿನಲ್ಲಿ ನಾನು ಬಳಸುವ, ಬ್ರೌಸರಿನಲ್ಲೇ ತೆರೆಯುವ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಒಂದಿತ್ತು. ಅದರ ಲಿಂಕನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ, "ಇದರಾಗ ಎಲ್ಲಾ ಅದ, ಮಾಡ್ಕೊ" ಎಂದು ಹೇಳಿ ಮಲಗಿದೆ.

ಮರುದಿನ ಸಂಜೆ ಅವನ ಮುಖ ನೋಡಿಯೇ ಏನೋ ಆಗಿದೆ ಎನಿಸಿತು.

"ಮಾಮಾ, ನನಗ ಲೆಕ್ಕ ಹತ್ತೂದಿಲ್ಲ. ಊರಿಗೆ ಹೋಗಿ ಹೊಲಾ ನೋಡ್ಕೊಂಡು ಇರ್ತೀನಿ."

"ಯಾಕೋ, ಏನಾತು?"

"ಜಾಬ್ ಕೆಡಿಸಿದೆ. ಶೇಠ್ ಎಲ್ಲಾರ ಮುಂದ ಬೈದ್ರು. ಲೋಖಂಡದ ರೊಕ್ಕ ಪಗಾರದಾಗ ಕಟ್ ಮಾಡ್ತಾರಂತ."

ನಾನೂ ಬೈದೆ. ಲಕ್ಷ್ಯ ಕೊಡುವುದಿಲ್ಲ, ಇಡೀ ದಿನ ರೀಲ್ಸ್ ನೋಡುತ್ತಿ ಎಂದೆಲ್ಲ ಅಂದೆ. ಅವನು ಎದುರು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ಗುಂಡಿ ಒತ್ತಿದ್ರ ಕೊಟ್ಟ ನಂಬರ್ ತಿರುಗಿ ಬರ್ತದ ಮಾಮಾ. 0.05 ಹಾಕಿದ್ರ 0.0499 ಬಂತು. ಅಷ್ಟಕ್ಕ ಇಟ್ಟೆ" ಎಂದ.

ನನ್ನ ಬಾಯಿ ಕಟ್ಟಿತು. ಅವನ ಫೋನ್ ಇಸಿದುಕೊಂಡು ಅದೇ ಪುಟ ತೆರೆದೆ. ನನ್ನ ಕಂಪ್ಯೂಟರಿನಲ್ಲಿ ಅಂಗೈಯಗಲ ಕಾಣುತ್ತಿದ್ದ ಗುಂಡಿಗಳು ಇಲ್ಲಿ ಎಳ್ಳುಕಾಳಿನಷ್ಟು. ಎರಡು ಬೆರಳಿನಿಂದ ಹಿಗ್ಗಿಸಿದರೆ ಅರ್ಧ ಪುಟ ಆಚೆ ಹೋಗುತ್ತಿತ್ತು. ಹಾಗೆ ಆಚೆ ಹೋದ ಮೂಲೆಯಲ್ಲೇ ಡಿಗ್ರಿ, ರೇಡಿಯನ್ ಆರಿಸುವ ಗುಂಡಿ ಇದ್ದದ್ದು. ಅದು ರೇಡಿಯನ್‌ನಲ್ಲಿತ್ತು.

ಕೋನ ಅಳೆಯುವ ಮುಖ್ಯ ಅಳತೆ ಎರಡಿವೆ. ಒಂದು ರೇಡಿಯನ್ ಎಂದರೆ ಸುಮಾರು 57.3 ಡಿಗ್ರಿ. ಸರಿಯಾದ ಉತ್ತರ 2.86 ಡಿಗ್ರಿ, ಅಂದರೆ 2 ಡಿಗ್ರಿ 52 ಮಿನಿಟು. ಅದೇ ಕೋನ ರೇಡಿಯನ್‌ನಲ್ಲಿ 0.04996. ಕೋನ ಸಣ್ಣದಿದ್ದಾಗ ಅದರ ಟ್ಯಾನ್ ಮತ್ತು ರೇಡಿಯನ್ ಅಳತೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹುಡುಗನಿಗೆ ಕೊಟ್ಟ ಸಂಖ್ಯೆಯೇ ತಿರುಗಿ ಬಂದಂತೆ ಕಂಡಿತು. ಅವನು 0.05 ಡಿಗ್ರಿಗೆ, ಅಂದರೆ ಸೊನ್ನೆಗೇ ಇಟ್ಟು ಕೊರೆದ. 36 ಇರಬೇಕಾದ ತುದಿ 30ಕ್ಕಿಂತ ಕೂದಲೆಳೆಯಷ್ಟೇ ದಪ್ಪ ಉಳಿಯಿತು. ಕೊರೆದು ತೆಗೆದ ಕಬ್ಬಿಣ ಮತ್ತೆ ಅಂಟುವುದಿಲ್ಲ.

ನಮ್ಮ ಕಾಲದ ಕ್ಲಾರ್ಕ್ಸ್ ಟೇಬಲ್ ಪುಸ್ತಕದಲ್ಲಿ ಕೋನವನ್ನು ಡಿಗ್ರಿ, ಮಿನಿಟಿನಲ್ಲೇ ಹುಡುಕುತ್ತಿದ್ದೆವು. ಈ ಗೊಂದಲಕ್ಕೆ ಜಾಗವಿರಲಿಲ್ಲ. ಬ್ರೌಸರಿನ ಒಳಗೆ ಲೆಕ್ಕ ಮಾಡುವ ಜಾವಾಸ್ಕ್ರಿಪ್ಟ್ ಭಾಷೆ ಕೋನವನ್ನು ರೇಡಿಯನ್ ಎಂದೇ ತಿಳಿಯುತ್ತದೆ. ಡಿಗ್ರಿ ಬೇಕೆಂದರೆ ಪುಟ ಮಾಡಿದವರು ಬೇರೆಯಾಗಿ ಸೇರಿಸಬೇಕು, ಬಳಸುವವರು ಆರಿಸಿಕೊಳ್ಳಬೇಕು. ಇದು ಗೊತ್ತಿದ್ದವನು ನಾನು. ಹೇಳದೆ ಮಲಗಿದವನೂ ನಾನೇ.

ಆ ರಾತ್ರಿ ಇಬ್ಬರೂ ಕೂತು ಬೇರೆ ಕ್ಯಾಲ್ಕ್ಯುಲೇಟರ್ ಹುಡುಕಿದೆವು. ನನ್ನ ಫೋನಿನಲ್ಲಲ್ಲ, ಅವನ ಫೋನಿನಲ್ಲೇ. ನಾವು ನೋಡಿಕೊಂಡದ್ದನ್ನು ನಿಮಗೂ ಹೇಳುತ್ತೇನೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಸೈನ್ 30 ಒತ್ತಿ. 0.5 ಬಂದರೆ ಡಿಗ್ರಿಯಲ್ಲಿದೆ. ಮೈನಸ್ 0.988 ಬಂದರೆ ರೇಡಿಯನ್‌ನಲ್ಲಿದೆ, ಬದಲಿಸಿಕೊಳ್ಳಿ. ಯಾವುದರಲ್ಲಿದೆ ಎಂಬುದು ಪರದೆ ಸರಿಸದೆ ಕಾಣುವಂತಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಗುಂಡಿಗಳ ಅಳತೆ. ಆಂಡ್ರಾಯ್ಡ್ ಫೋನಿಗೆ ಪುಟ ಮಾಡುವವರಿಗೆ ಗೂಗಲ್ ಹೇಳುವ ಅಳತೆ ಸುಮಾರು 9 ಮಿ.ಮೀ. ಫೋನ್ ನೆಟ್ಟಗೆ ಹಿಡಿದು, ಹಿಗ್ಗಿಸದೆ, ಒಂದೇ ಹೆಬ್ಬೆರಳಿನಿಂದ ಒತ್ತಲು ಬರಬೇಕು. 55 ಎಂದು ಬೇಗ ಬೇಗ ಒತ್ತಿ ನೋಡಿ. ಕೆಲವು ಪುಟ ಅದನ್ನು ಹಿಗ್ಗಿಸು ಎಂದು ತಿಳಿದು ಜಿಗಿಯುತ್ತವೆ. ಇನ್ನು ಕೆಲವು ಫೋನಿನ ಕೀಬೋರ್ಡನ್ನು ಮೇಲೆ ತಂದು ಗುಂಡಿಗಳನ್ನೇ ಮುಚ್ಚುತ್ತವೆ. ಅಂಥವು ಬೇಡ.

ಮೂರನೆಯದು, ಒತ್ತಿದ ಲೆಕ್ಕ ಪೂರ್ತಿ ಸಾಲಾಗಿ ಕಾಣಬೇಕು, ನಡುವೆ ತಪ್ಪಿದರೆ ಅಲ್ಲೇ ತಿದ್ದಲು ಬರಬೇಕು. 2+3×4 ಎಂದು ಕೊಟ್ಟರೆ 14 ಬರಬೇಕು, 20 ಅಲ್ಲ.

ನಾಲ್ಕನೆಯದು, ಪುಟ ತೆರೆದ ಮೇಲೆ ಡೇಟಾ ಬಂದ್ ಮಾಡಿ ಲೆಕ್ಕ ಹಾಕಿ ನೋಡಿ. ಪತ್ರಾ ಶೆಡ್ಡಿನ ಕೆಳಗೆ ಇವನಿಗೆ ರೇಂಜ್ ಸಿಗುವುದಿಲ್ಲ. ನೆಟ್ ಇದ್ದರೆ ಮಾತ್ರ ಉತ್ತರ ಕೊಡುವುದು ಅಲ್ಲಿ ಕೆಲಸಕ್ಕೆ ಬಾರದು.

ಡೆಸ್ಮೋಸ್ ಮತ್ತು ಜಿಯೋಜೀಬ್ರಾ, ಎರಡಕ್ಕೂ ಬ್ರೌಸರಿನಲ್ಲಿ ತೆರೆಯುವ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಇದೆ, ದುಡ್ಡು ಕೊಡಬೇಕಿಲ್ಲ. ಹುಡುಗ ಡೆಸ್ಮೋಸ್ ಆರಿಸಿಕೊಂಡ. ಅದೂ ಮೊದಲು ತೆರೆದಾಗ ರೇಡಿಯನ್‌ನಲ್ಲೇ ಇತ್ತು; ಈ ಸಲ ಬದಲಿಸಿದವನು ಅವನೇ. ಕ್ರೋಮಿನ ಮೂರು ಚುಕ್ಕಿಯ ಮೆನುವಿನಲ್ಲಿ 'ಆ್ಯಡ್ ಟು ಹೋಮ್ ಸ್ಕ್ರೀನ್' ಒತ್ತಿ ಅದನ್ನು ಫೋನಿನ ಮುಖಕ್ಕೇ ತಂದಿಟ್ಟುಕೊಂಡ. ಲಿಂಕ್ ಹುಡುಕುವ ಕೆಲಸ ಇಲ್ಲ.

ನಿಮ್ಮ ಫೋನಿನಲ್ಲಿ ಮೊದಲೇ ಇರುವ ಕ್ಯಾಲ್ಕ್ಯುಲೇಟರನ್ನು ಒಮ್ಮೆ ಅಡ್ಡ ತಿರುಗಿಸಿ ನೋಡಿ. ಐಫೋನಿನಲ್ಲಿ, ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಸೈನ್, ಟ್ಯಾನ್ ಅಲ್ಲೇ ಅಡಗಿರುತ್ತವೆ.

ಮರುದಿನ ಅರ್ಧ ರಜೆ ಹಾಕಿ ವರ್ಕ್‌ಶಾಪಿಗೆ ಹೋದೆ. ನನಗೆ ಬರುವ ಮರಾಠಿಯಲ್ಲಿ ಶೇಠ್‌ಗೆ ನಡೆದದ್ದು ಹೇಳಿ, ತಪ್ಪು ಹುಡುಗನದಲ್ಲ, ಲಿಂಕ್ ಕಳಿಸಿದ ನನ್ನದು, ಲೋಖಂಡದ ದುಡ್ಡು ನಾನು ಕೊಡುತ್ತೇನೆ ಎಂದೆ. ಅವರು ದುಡ್ಡು ತೆಗೆದುಕೊಂಡರು. ಆಮೇಲೆ ಹುಡುಗನನ್ನು ಕರೆದು ಇನ್ನೊಂದು ತುಂಡು ಕೊಟ್ಟರು.

ಸಂಜೆ ಅವನಿಂದ ಫೋಟೊ ಬಂತು. ದಪ್ಪ ತುದಿಗೆ ವರ್ನಿಯರ್ ಹಿಡಿದಿದ್ದ, 36. ಕೆಳಗೆ ಒಂದೇ ಸಾಲು: "ಮೊದಲ ಸೈನ್ 30 ನೋಡೀನಿ ಮಾಮಾ."

ಅಕ್ಕನಿಗೆ ಇದ್ಯಾವುದನ್ನೂ ನಾವಿಬ್ಬರೂ ಹೇಳಿಲ್ಲ.